ಡಾರ್ವಿನನು ಮಡದಿಯನ್ನು ಆರಿಸಿದ ಬಗೆ

ಚಾರ್ಲ್ಸ್ ಡಾರ್ವಿನ್ ಎಂಬ ಹೆಸರು ಕೇಳಿದೊಡನೆ ನಮ್ಮ ಹೈಸ್ಕೂಲಿನ ಮಕ್ಕಳಿಗೆ ಮೊದಲು ನೆನಪಾಗುವುದು ಮಂಗ. ಆಮೇಲೆ ಗಲಪಗಸ್ ದ್ವೀಪಗಳ ಹಕ್ಕಿಗಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಗಂಡು ಹೆಣ್ಣನ್ನು, ಹೆಣ್ಣು ಗಂಡನ್ನು ಏನು ಕಂಡು ಮೆಚ್ಚಿ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕವಿಗಳ ಕೈಯಿಂದ ವಿಜ್ಞಾನದ ಅಂಗಳಕ್ಕೆ ತಂದವನೂ ಈತನೇ ಎಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಸಂಗಾತಿಯ ಆಯ್ಕೆಯ ಕುರಿತು ಇಂದಿನ ಮನಶ್ಶಾಸ್ತ್ರಜ್ಞರು ನಡೆಸುವ ಚರ್ಚೆಯ ಒಂದು ದೊಡ್ಡ ಬೇರು 1871ರಲ್ಲಿ ಆತನು ಪ್ರಕಟಿಸಿದ ಗ್ರಂಥದಲ್ಲಿದೆ. ಆತನ ಸ್ವಂತ ಮದುವೆಯ ಕಥೆಯೂ ಆ ಗ್ರಂಥದಷ್ಟೇ ವಿಚಾರಯೋಗ್ಯವಾದುದು. ಮದುವೆಯ ಮಾತುಕತೆ ನಡೆಯದ ಮನೆ ನಮ್ಮಲ್ಲಿ ಇಲ್ಲವಾದ್ದರಿಂದ ಆ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಡಾರ್ವಿನನು ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಪಟ್ಟಣದಲ್ಲಿ. ತಂದೆ ರಾಬರ್ಟ್ ಡಾರ್ವಿನ್ ಹೆಸರುವಾಸಿಯಾದ ವೈದ್ಯ; ಭಾರೀ ದೇಹ, ಭಾರೀ ಗಾಂಭೀರ್ಯ. ತಾಯಿ ಸುಸಾನಾ, ಚೀನೀ ಮಣ್ಣಿನ ಪಾತ್ರೆಗಳಿಗೆ ಜಗದ್ವಿಖ್ಯಾತವಾದ ವೆಜ್‌ವುಡ್ ಮನೆತನದ ಮಗಳು. 1817ರಲ್ಲಿ ಆಕೆ ತೀರಿಕೊಂಡಾಗ ಚಾರ್ಲ್ಸನಿಗೆ ಎಂಟು ವರ್ಷ. ಮರಣಶಯ್ಯೆ, ತಾಯಿ ಉಡುತ್ತಿದ್ದ ಕಪ್ಪು ಮಖಮಲ್ಲಿನ ಉಡುಪು, ಆಕೆಯ ಹೊಲಿಗೆಯ ಮೇಜು, ಇವಿಷ್ಟನ್ನು ಬಿಟ್ಟು ತಾಯಿಯ ನೆನಪೇ ತನಗಿಲ್ಲವೆಂದು ಆತನು ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗ ಹೇಳಿಕೊಂಡಿದ್ದಾನೆ. ಮನೆಯಲ್ಲಿ ಆಕೆಯ ಹೆಸರೆತ್ತುವ ರೂಢಿಯೇ ಇಲ್ಲವಾಯಿತು. ಅಕ್ಕಂದಿರು ತಮ್ಮನನ್ನು ಸಾಕಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಪ್ರಸ್ತಾಪ ಬರಲಿದೆ.

ವೈದ್ಯವಿದ್ಯೆಗೆಂದು ಎಡಿನ್‌ಬರೊಗೆ ಕಳುಹಿಸಿದರೆ ಹುಡುಗನಿಗೆ ರಕ್ತ ಕಂಡರೆ ಆಗದು. ಪಾದ್ರಿಯಾಗಲಿ ಎಂದು ಕೇಂಬ್ರಿಜ್‌ಗೆ ಸೇರಿಸಿದರೆ ಅಲ್ಲಿ ಜೀರುಂಡೆ ಹಿಡಿಯುವುದೇ ಕೆಲಸವಾಯಿತು. ಆ ವಯಸ್ಸಿನಲ್ಲಿ ಅವನ ಮನಸ್ಸು ಹೋಗಿದ್ದು ನೆರೆಯ ಜಮೀನ್ದಾರರ ಮಗಳಾದ ಫ್ಯಾನಿ ಓವೆನ್ ಎಂಬವಳ ಮೇಲೆ. ಚೆಲುವೆ, ಮಾತಿನಮಲ್ಲಿ, ಕುದುರೆ ಸವಾರಿಯಲ್ಲಿ ನುರಿತವಳು. ಇಷ್ಟರಲ್ಲೇ ಬೀಗಲ್ ಎಂಬ ಹಡಗಿನಲ್ಲಿ ಪ್ರಪಂಚ ಸುತ್ತುವ ಅವಕಾಶ ಬಂತು. ತಂದೆ ಒಪ್ಪಲಿಲ್ಲ, ತನ್ನ ಆಕ್ಷೇಪಗಳನ್ನು ಒಂದೊಂದಾಗಿ ಹೇಳಿದನು. ಆಗ ಹುಡುಗನ ನೆರವಿಗೆ ಬಂದವನು ಸೋದರಮಾವನಾದ ಜೊಸಾಯಾ ವೆಜ್‌ವುಡ್. ಅವನು ಪ್ರತಿಯೊಂದು ಆಕ್ಷೇಪಕ್ಕೂ ಸಮಾಧಾನ ಬರೆದು, ಗಾಡಿ ಕಟ್ಟಿಸಿ, ಅಳಿಯನನ್ನು ಕೂರಿಸಿಕೊಂಡು ಶ್ರೂಸ್‌ಬರಿಗೆ ಬಂದು ಭಾವನ ಮನಸ್ಸನ್ನು ತಿರುಗಿಸಿದನು. ಈ ಮಾವನ ಕಿರಿಯ ಮಗಳೇ ಎಮ್ಮಾ.

ಬೀಗಲ್ ಹಡಗು 1831ರ ಡಿಸೆಂಬರ್ 27ರಂದು ಹೊರಟಿತು. ನಾಲ್ಕು ತಿಂಗಳು ಕಳೆಯುವುದರೊಳಗೆ, ಬ್ರೆಜಿಲಿನ ರಿಯೊ ಬಂದರಿನಲ್ಲಿ ಕೈಸೇರಿದ ಪತ್ರಗಳಿಂದ ಫ್ಯಾನಿಗೆ ಬೇರೊಬ್ಬ ಸಿರಿವಂತನೊಂದಿಗೆ ವಿವಾಹ ನಿಶ್ಚಯವಾದುದು ತಿಳಿದುಬಂತು. ಎಳೆಯ ಡಾರ್ವಿನನಿಗೆ ಅದು ದೊಡ್ಡ ಪೆಟ್ಟು. ಉಷ್ಣವಲಯದ ಕಾಡಿನ ಬೆರಗು ಅವನನ್ನು ಕಾಪಾಡಿತೆಂದೇ ಹೇಳಬೇಕು. ಐದು ವರ್ಷಗಳ ಬಳಿಕ, 1836ರ ಅಕ್ಟೋಬರ್ 2ರಂದು, ಇಂಗ್ಲೆಂಡಿನ ನೆಲ ಮುಟ್ಟುವಾಗ ಅವನು ಪಂಡಿತರ ವಲಯದಲ್ಲಿ ಹೆಸರು ಪಡೆದಿದ್ದನು. ಆದರೆ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ.

1838ರ ಬೇಸಗೆಯಲ್ಲಿ ಅವನು ಮಾಡಿದ ಕೆಲಸ ವಿಚಿತ್ರವಾದುದು. ಒಂದು ಹಾಳೆಯನ್ನು ತೆಗೆದುಕೊಂಡು, ಮದುವೆಯಾಗುವುದು ಮತ್ತು ಮದುವೆಯಾಗದಿರುವುದು ಎಂದು ಎರಡು ಭಾಗ ಮಾಡಿ, ಪ್ರತಿಯೊಂದರ ಲಾಭನಷ್ಟಗಳನ್ನು ವ್ಯಾಪಾರಿಯ ಲೆಕ್ಕದ ಪುಸ್ತಕದಂತೆ ಬರೆದನು. ಮಕ್ಕಳಾಗಬಹುದು, ಮುಪ್ಪಿನಲ್ಲಿ ಜೊತೆಗಾರಳಿರುತ್ತಾಳೆ, ಮನೆಯಲ್ಲಿ ಸಂಗೀತವಿರುತ್ತದೆ, ಏನೇ ಆದರೂ ನಾಯಿಗಿಂತ ಮೇಲು ಎಂದು ಒಂದು ಕಡೆ. ಸಮಯ ಹಾಳು, ಪುಸ್ತಕ ಕೊಳ್ಳಲು ಹಣ ಸಾಲದು, ನೆಂಟರ ಮನೆಗೆ ಹೋಗುವ ಕಷ್ಟ, ಜಗಳ, ಮೈ ಬೆಳೆದು ಸೋಮಾರಿತನ ಎಂದು ಇನ್ನೊಂದು ಕಡೆ. ಕೊನೆಗೆ ಮದುವೆಯೇ ಸರಿ ಎಂದು ಮೂರು ಬಾರಿ ಬರೆದು, ರೇಖಾಗಣಿತದ ಪ್ರಮೇಯ ಮುಗಿದಾಗ ನಾವು ಕರಿಹಲಗೆಯ ಮೇಲೆ ಹಾಕುವ ಆ ಮೂರು ಅಕ್ಷರಗಳನ್ನು ಅಡಿಯಲ್ಲಿ ಹಾಕಿಬಿಟ್ಟನು. ಸಾಧಿಸಬೇಕಾದುದು ಸಾಧಿತವಾಯಿತು! ಯಾರನ್ನು ಎಂಬ ಮಾತು ಮಾತ್ರ ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ. ಅದೇ ತಿಂಗಳು ಅವನು ಮನಸ್ಸಿನ ವ್ಯಾಪಾರಗಳನ್ನು ಕುರಿತ ಪ್ರತ್ಯೇಕ ಟಿಪ್ಪಣಿ ಪುಸ್ತಕವೊಂದನ್ನೂ ತೆರೆದಿದ್ದನು ಎಂಬುದು ಗಮನಾರ್ಹ.

ಜುಲೈ ಕೊನೆಯಲ್ಲಿ ಮಾವನ ಊರಾದ ಮೇರ್‌ಗೆ ಹೋಗಿಬಂದನು. ನವೆಂಬರ್ 11, ಭಾನುವಾರ, ಮತ್ತೆ ಅಲ್ಲಿಗೆ ಹೋಗಿ ಎಮ್ಮಾಳನ್ನು ಕೇಳಿಯೇಬಿಟ್ಟನು. ಆಕೆ ಒಪ್ಪಿದಳು. ಕೇಳಿದವನಿಗೆ ತಲೆನೋವು; ಒಪ್ಪಿದವಳಿಗೆ ದಿಗ್ಭ್ರಮೆ. ಎಂದಿನಂತೆ ಊರಿನ ಮಕ್ಕಳಿಗೆ ಭಾನುವಾರದ ಪಾಠ ಹೇಳಲು ಹೋದ ಎಮ್ಮಾಳಿಗೆ ಆ ದಿನ ಪಾಠವೇ ಸಾಗಲಿಲ್ಲವಂತೆ. ಈ ಗೆಳೆತನ ಇನ್ನೂ ವರ್ಷಗಟ್ಟಲೆ ಹೀಗೆಯೇ ನಡೆಯಬಹುದೆಂದು ಆಕೆ ಎಣಿಸಿದ್ದಳು. ಹಿರಿಯರಿಗೆ ಪರಮ ಸಂತೋಷ. ಎರಡೂ ಕಡೆಯಿಂದ ಹಣದ ಏರ್ಪಾಡಾಯಿತು. 1839ರ ಜನವರಿ 29ರಂದು ಮೇರ್‌ನ ಚರ್ಚಿನಲ್ಲಿ ಮದುವೆ ನಡೆಯಿತು. ವಧು ವರನಿಗಿಂತ ಒಂಬತ್ತು ತಿಂಗಳಿಗೆ ದೊಡ್ಡವಳು.

ಏಕೆ ಎಮ್ಮಾ? ಇಂಗ್ಲಿಷಿನಲ್ಲಿ ಆಕೆ ಬರೇ ಕಸಿನ್. ನಮ್ಮ ಭಾಷೆಯಲ್ಲಿ ಖಚಿತವಾಗಿ ಹೇಳಬಹುದು: ಸೋದರಮಾವನ ಮಗಳು. ಅದಕ್ಕೂ ಎರಡು ವರ್ಷ ಮೊದಲು, 1837ರಲ್ಲಿ, ಚಾರ್ಲ್ಸನ ಅಕ್ಕ ಕ್ಯಾರೊಲಿನ್ ಎಮ್ಮಾಳ ಅಣ್ಣನನ್ನು ವರಿಸಿದ್ದಳು. ನಮ್ಮ ಹಿರಿಯರ ಮಾತಿನಲ್ಲಿ ಇದು ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ಇಂಗ್ಲೆಂಡಿನ ಸಿರಿವಂತ ಕುಟುಂಬಗಳಲ್ಲಿ ಆಗ ಇದು ಹೊಸತೇನೂ ಆಗಿರಲಿಲ್ಲ.

ಮನಶ್ಶಾಸ್ತ್ರಜ್ಞರಲ್ಲಿ ಈ ಪ್ರಶ್ನೆಗೆ ಹಲವು ಉತ್ತರಗಳಿವೆ. ಸಾಮೀಪ್ಯವೇ ಪ್ರೀತಿಗೆ ಕಾರಣ ಎಂಬುದು ಒಂದು. 1932ರಲ್ಲಿ ಬೊಸಾರ್ಡ್ ಎಂಬ ಸಮಾಜಶಾಸ್ತ್ರಜ್ಞನು ಅಮೆರಿಕದ ಫಿಲಡೆಲ್ಫಿಯ ನಗರದ 5,000 ವಿವಾಹ ಪರವಾನಗಿಗಳನ್ನು ಪರಿಶೀಲಿಸಿದಾಗ, ಮೂರರಲ್ಲಿ ಒಂದು ಜೋಡಿ ಮದುವೆಗೆ ಮೊದಲು ಐದು ಬೀದಿಗಳ ಅಂತರದೊಳಗೇ ವಾಸಿಸಿದ್ದುದು ಕಂಡುಬಂತು. ಪದೇ ಪದೇ ಕಂಡದ್ದು ಪ್ರಿಯವಾಗುತ್ತದೆ ಎಂದು 1968ರಲ್ಲಿ ಝಾಯಾಂಕ್ ಎಂಬ ಮನಶ್ಶಾಸ್ತ್ರಜ್ಞನು ಪ್ರಯೋಗಗಳಿಂದ ತೋರಿಸಿದನು. ಸಮಾನ ಕುಲ, ಸಮಾನ ಶಿಕ್ಷಣ, ಸಮಾನ ಅಭಿರುಚಿಯವರು ಒಂದುಗೂಡುತ್ತಾರೆ ಎಂಬುದು ಇನ್ನೊಂದು ಉತ್ತರ. ಇದನ್ನು ನಮ್ಮ ಮದುವೆ ದಲ್ಲಾಳಿಗಳು ಯಾವ ಪ್ರಯೋಗವೂ ಇಲ್ಲದೆ ಬಲ್ಲರು. ಆದರೆ ತೀರಾ ಸಾಮೀಪ್ಯವೂ ಒಲ್ಲದು. ಒಂದೇ ಮನೆಯಲ್ಲಿ ಚಿಕ್ಕಂದಿನಿಂದ ಕೂಡಿ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ಹುಟ್ಟುವುದಿಲ್ಲವೆಂದು 1891ರಲ್ಲಿ ಫಿನ್ಲೆಂಡಿನ ವೆಸ್ಟರ್‌ಮಾರ್ಕ್ ಬರೆದನು. ಚಾರ್ಲ್ಸ್ ಮತ್ತು ಎಮ್ಮಾ ಬೆಳೆದದ್ದು ಬೇರೆ ಬೇರೆ ಮನೆಗಳಲ್ಲಿ, ಕಂಡದ್ದು ರಜೆಯಲ್ಲಿ, ಹಬ್ಬದಲ್ಲಿ. ಪರಿಚಯಕ್ಕೆ ಬೇಕಾದಷ್ಟು ಹತ್ತಿರ, ಮೋಹಕ್ಕೆ ಬೇಕಾದಷ್ಟು ದೂರ.

ಇನ್ನು ಫ್ರಾಯ್ಡ್. ಶೈಶವದಲ್ಲಿ ಮೊದಲು ಪ್ರೀತಿಸಿದವರ ಛಾಯೆಯನ್ನೇ ಮನುಷ್ಯನು ಮುಂದೆ ಸಂಗಾತಿಯಲ್ಲಿ ಅರಸುತ್ತಾನೆ ಎಂಬುದು 1905ರಲ್ಲಿ ಅವನು ಮಂಡಿಸಿದ ವಿಚಾರ. ತಾಯಿಯ ಮುಖವನ್ನೇ ಮರೆತ ಹುಡುಗನೊಬ್ಬ ತಾಯಿಯ ಮನೆತನದ ಹೆಣ್ಣನ್ನೇ ವರಿಸಿದ್ದು ಈ ಪಂಥದವರಿಗೆ ಹಬ್ಬದೂಟ. ನಮಗೆ ಇದಕ್ಕಿಂತ ಹೆಚ್ಚು ಒಪ್ಪಿಗೆಯಾಗುವುದು ಜಾನ್ ಬೌಲ್ಬಿಯ ವಿವರಣೆ. ತಾಯಿ ಮಕ್ಕಳ ನಂಟಿನ ಮನಶ್ಶಾಸ್ತ್ರಕ್ಕೆ ತಳಹದಿ ಹಾಕಿದ ಈ ಆಂಗ್ಲ ವೈದ್ಯನು ತನ್ನ ಕೊನೆಯ ಗ್ರಂಥವಾಗಿ ಬರೆದುದು ಡಾರ್ವಿನನ ಜೀವನಚರಿತ್ರೆಯನ್ನೇ; ಅದು ಪ್ರಕಟವಾದ 1990ರಲ್ಲೇ ಆತನೂ ತೀರಿಕೊಂಡನು. ಅಳಲು ಬಿಡದೆ ಒಳಗೇ ಹುಗಿದಿಟ್ಟ ಮಾತೃಶೋಕವೇ ಡಾರ್ವಿನನ ಜೀವನವಿಡೀ ಕಾಡಿದ ಎದೆಬಡಿತ, ವಾಂತಿ, ಭಯಗಳ ಹಿನ್ನೆಲೆ ಎಂದು ಬೌಲ್ಬಿ ವಾದಿಸಿದನು. ಬೌಲ್ಬಿಯ ದಾರಿಯಲ್ಲೇ ಮುಂದುವರಿದ ಹೇಜನ್ ಮತ್ತು ಶೇವರ್ ಎಂಬಿಬ್ಬರು 1987ರಲ್ಲಿ, ಮಗುವು ತಾಯಿಯಲ್ಲಿ ಕಾಣುವ ಆಸರೆಯನ್ನೇ ಪ್ರಾಯದವರು ಪ್ರೇಮದಲ್ಲಿ ಹುಡುಕುತ್ತಾರೆಂದು ಬರೆದರು. ಎಮ್ಮಾಳ ತಾಯಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳು. ಅವಳ ಆರೈಕೆ ಎಮ್ಮಾ ಮತ್ತು ಹಿರಿಯಕ್ಕ ಎಲಿಜಬೆತ್‌ಳ ಪಾಲಿನದು. ಆಸರೆ ಬೇಕಾದವನು ಆಸರೆ ಕೊಡಬಲ್ಲವಳ ಬಳಿಗೆ ಬಂದನು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಒರಟು ಸತ್ಯ ಉಳಿಯುತ್ತದೆ. 1838ರಲ್ಲಿ ಆ ಮನೆಯಲ್ಲಿ ಮದುವೆಯಾಗದೆ ಉಳಿದಿದ್ದ ಹೆಣ್ಣುಮಕ್ಕಳು ಇಬ್ಬರು. ಅವರಲ್ಲಿ ಎಲಿಜಬೆತ್‌ಳಿಗೆ ನಲವತ್ತೈದು ವರ್ಷ. ಮನಶ್ಶಾಸ್ತ್ರದ ಎಷ್ಟೋ ಆಯ್ಕೆಗಳ ಹಿಂದೆ ಇಂಥ ಎಣಿಕೆಯೂ ಇರುತ್ತದೆ.

ಮದುವೆಗೆ ಮೊದಲೇ ಒಂದು ತೊಡಕು ಎದುರಾಗಿತ್ತು. ಡಾರ್ವಿನನ ಮನಸ್ಸಿನಲ್ಲಿ ಬೈಬಲಿನ ಬಗ್ಗೆ ಸಂದೇಹಗಳು ಮೂಡಿದ್ದವು. ಇಂಥದ್ದನ್ನು ಹೆಂಡತಿಯಿಂದ ಮುಚ್ಚಿಡುವುದೇ ಕ್ಷೇಮ ಎಂದು ತಂದೆ ಬುದ್ಧಿ ಹೇಳಿದನು. ಮಗ ಮುಚ್ಚಿಡಲಿಲ್ಲ. ದೈವಭಕ್ತೆಯಾದ ಎಮ್ಮಾ ನೊಂದಳು. ಪರಲೋಕದಲ್ಲಿ ತಾವಿಬ್ಬರೂ ಅಗಲಬೇಕಾದೀತೆಂಬ ಅಳುಕು ಆಕೆಗೆ. ಮದುವೆಯ ಬಳಿಕ ಒಂದು ಪತ್ರದಲ್ಲಿ ಅದನ್ನು ಬರೆದು ಗಂಡನ ಕೈಗಿತ್ತಳು. ಆತನು ಅದನ್ನು ಜೀವನವಿಡೀ ಜೋಪಾನವಾಗಿಟ್ಟುಕೊಂಡನು. ತಾನು ಸತ್ತ ಮೇಲೆ, ಈ ಕಾಗದವನ್ನು ತಾನೆಷ್ಟು ಬಾರಿ ಮುದ್ದಿಸಿ ಅತ್ತಿದ್ದೆನೆಂದು ಆಕೆಗೆ ತಿಳಿಯಲಿ ಎಂಬ ಅರ್ಥದ ಎರಡು ಸಾಲನ್ನು ಅದರ ಮೇಲೆಯೇ ಬರೆದಿಟ್ಟಿದ್ದನು.

1842ರಲ್ಲಿ ದಂಪತಿಗಳು ಲಂಡನ್ ಬಿಟ್ಟು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಹತ್ತು ಮಕ್ಕಳು ಹುಟ್ಟಿದರು. ಒಂದು ಹೆಣ್ಣುಮಗು ಮೂರು ವಾರಗಳಲ್ಲೇ ಹೋಯಿತು. 1851ರ ಮಾರ್ಚಿನಲ್ಲಿ ಹತ್ತು ವರ್ಷದ ಆ್ಯನಿಯನ್ನು ಜಲಚಿಕಿತ್ಸೆಗೆಂದು ತಂದೆ ಮಾಲ್ವರ್ನ್‌ಗೆ ಕರೆದೊಯ್ದನು. ತುಂಬು ಗರ್ಭಿಣಿಯಾದ ತಾಯಿ ಮನೆಯಲ್ಲೇ ಉಳಿಯಬೇಕಾಯಿತು. ಏಪ್ರಿಲ್ 23ರಂದು ಮಗು ತೀರಿಕೊಂಡಿತು. ಆ್ಯನಿಯ ಬರೆಯುವ ಪೆಟ್ಟಿಗೆಯನ್ನು, ಅದರೊಳಗಿನ ಗರಿ ಲೇಖನಿ, ಕಾಗದ, ಒಂದು ಎಳೆ ಕೂದಲಿನ ಸಮೇತ, ಎಮ್ಮಾ ತನ್ನ ಕೊನೆಯ ವರೆಗೂ ಇಟ್ಟುಕೊಂಡಿದ್ದಳು. ತಂದೆ ಒಂದು ವಾರದೊಳಗೆ ಮಗಳ ನಡೆನುಡಿಗಳ ನೆನಪನ್ನೆಲ್ಲ ಬರೆದಿಟ್ಟನು. ತಾಯಿಯನ್ನು ಮರೆತಂತೆ ಮಗಳನ್ನೂ ಮರೆತುಹೋಗಬಾರದು ಎಂಬ ಭಯವೇ ಅದರ ಹಿಂದಿತ್ತೆಂದು ನಮಗೆ ತೋರುತ್ತದೆ. 1858ರ ಜೂನ್ 28ರಂದು ಕಿರಿಯ ಮಗುವೂ ಕೆಂಪು ಜ್ವರಕ್ಕೆ ತುತ್ತಾಯಿತು. ಜುಲೈ 1ರಂದು ಲಂಡನ್ನಿನ ಲಿನ್ನೇಯನ್ ಸೊಸೈಟಿಯಲ್ಲಿ ವ್ಯಾಲೇಸ್ ಮತ್ತು ಡಾರ್ವಿನರ ಸಿದ್ಧಾಂತವನ್ನು ಪ್ರಥಮ ಬಾರಿಗೆ ಓದಿದಾಗ ಡಾರ್ವಿನನು ಅಲ್ಲಿರಲಿಲ್ಲ. ಅವನು ಮಗುವನ್ನು ಮಣ್ಣುಮಾಡುತ್ತಿದ್ದನು.

ಮರು ವರ್ಷ ಪ್ರಕಟವಾದ ಜೀವಜಾತಿಗಳ ಉಗಮದ ಗ್ರಂಥದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಆ ಗ್ರಂಥಕ್ಕೆ ಬಗ್ಗದೆ ಉಳಿದದ್ದು ಒಂದು ಹಕ್ಕಿಯ ಗರಿ. ನವಿಲಿನ ಗರಿಯನ್ನು ಕಂಡರೆ ತನಗೆ ಹೊಟ್ಟೆ ತೊಳಸುತ್ತದೆ ಎಂಬಂತೆ 1860ರಲ್ಲಿ ಆತನು ಅಮೆರಿಕದ ಮಿತ್ರನೊಬ್ಬನಿಗೆ ಬರೆದಿದ್ದನು. ಜೀವನ ಸಂಗ್ರಾಮದಲ್ಲಿ ಉಪಯುಕ್ತವಾದುದು ಮಾತ್ರ ಉಳಿಯುವುದಾದರೆ, ಹಾರಲು ಅಡ್ಡಿಯಾಗುವ, ವೈರಿಯ ಕಣ್ಣಿಗೆ ಬೀಳುವ ಆ ಭಾರದ ಗರಿ ಏಕೆ ಉಳಿಯಿತು? ಹೆಣ್ಣು ನವಿಲು ಮೆಚ್ಚಿ ಆರಿಸಿದ್ದರಿಂದ ಎಂಬುದೇ 1871ರ ಮಾನವನ ಅವತರಣದ ಗ್ರಂಥದ ಉತ್ತರ. ಎರಡು ಸಂಪುಟಗಳ ಆ ಗ್ರಂಥದ ಬಹುಭಾಗ ಲೈಂಗಿಕ ಆಯ್ಕೆಗೇ ಮೀಸಲು. ಗಂಡುಗಳು ತಮ್ಮೊಳಗೆ ಕಾದಾಡಿ ಗೆಲ್ಲುವುದು ಅದರ ಒಂದು ಬಗೆ. ಹೆಣ್ಣು ತನ್ನ ಸೌಂದರ್ಯಪ್ರಜ್ಞೆಯಿಂದ ಆರಿಸುವುದು ಇನ್ನೊಂದು. ಮೊದಲನೆಯದನ್ನು ಪಂಡಿತರು ಸುಲಭವಾಗಿ ಒಪ್ಪಿದರು. ಎರಡನೆಯದಕ್ಕೆ ವ್ಯಾಲೇಸ್ ಸಹ ತಲೆಯಾಡಿಸಲಿಲ್ಲ. ಹೆಣ್ಣಿಗೆ ಅಭಿರುಚಿಯೆಂಬುದಿದೆ, ಅದು ಒಂದು ಜಾತಿಯ ರೂಪವನ್ನೇ ತಿದ್ದಬಲ್ಲದು ಎಂಬ ಮಾತು ಆ ಕಾಲದ ಗಂಡಸರಿಗೆ ರುಚಿಸದಿದ್ದುದು ಆಶ್ಚರ್ಯವಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ಆತನು ದೇಶದೇಶಗಳಿಂದ ಪತ್ರಮುಖೇನ ಮಾಹಿತಿ ತರಿಸಿ, ಚೆಲುವಿಗೆ ಎಲ್ಲ ಜನಾಂಗಗಳೂ ಒಪ್ಪುವ ಒಂದೇ ಅಳತೆಗೋಲಿಲ್ಲ ಎಂಬ ನಿರ್ಣಯಕ್ಕೆ ಬಂದನು. ಕುದುರೆ, ದನ, ನಾಯಿಗಳನ್ನು ಕೂಡಿಸುವಾಗ ಅವುಗಳ ವಂಶಾವಳಿಯನ್ನು ಕೂಲಂಕಷವಾಗಿ ನೋಡುವ ಮನುಷ್ಯನು ತನ್ನ ಮದುವೆಯಲ್ಲಿ ಅಷ್ಟು ಎಚ್ಚರ ವಹಿಸುವುದು ಅಪೂರ್ವ ಎಂದೂ ಬರೆದನು. ಹೆಂಗಸರ ಬುದ್ಧಿಶಕ್ತಿ ಗಂಡಸರಿಗಿಂತ ಕಡಿಮೆ ಎಂಬ ಅಭಿಪ್ರಾಯವನ್ನೂ ಅದೇ ಗ್ರಂಥದಲ್ಲಿ ಹೇಳಿದ್ದಾನೆ, ಅದು ಖಂಡನೀಯ. ಆ ಗ್ರಂಥದ ಹಸ್ತಪ್ರತಿಯ ಭಾಷೆಯನ್ನು ಸಾಲುಸಾಲಾಗಿ ತಿದ್ದಿಕೊಟ್ಟವಳು ಆತನ ಮಗಳು ಹೆನ್ರಿಯೆಟಾ!

ವಂಶಾವಳಿಯ ಆ ಮಾತು ಬರೆಯುವಾಗ ಆತನ ಮನಸ್ಸಿನಲ್ಲಿದ್ದುದು ಬರೇ ಕುದುರೆಗಳಲ್ಲ. ಮಕ್ಕಳು ಪದೇ ಪದೇ ಕಾಯಿಲೆ ಬೀಳುತ್ತಿದ್ದರು. ತನ್ನ ಅನಾರೋಗ್ಯ ಅವರಿಗೆ ಇಳಿದಿದೆಯೇ, ರಕ್ತಸಂಬಂಧದ ಮದುವೆಯೇ ಇದಕ್ಕೆ ಕಾರಣವೇ ಎಂಬ ಚಿಂತೆ ಅವನನ್ನು ತಿನ್ನುತ್ತಿತ್ತು. ಸಾಲದುದಕ್ಕೆ, ಅವರಿಬ್ಬರಿಗೂ ಸಮಾನರಾದ ವೆಜ್‌ವುಡ್ ಅಜ್ಜ ಅಜ್ಜಿಯರೂ ಪರಸ್ಪರ ದೂರದ ಸಂಬಂಧಿಗಳೇ. 1862ರಲ್ಲಿ ಬರೆದ ಸೀತಾಳೆ ಹೂಗಳ ಪುಸ್ತಕದ ಕೊನೆಯಲ್ಲಿ ಈ ಅನುಮಾನವನ್ನು ಸೂಚಿಸಿದನು. 1871ರ ಜನಗಣತಿಯಲ್ಲಿ ಸೋದರಿಕೆಯ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಬೇಕೆಂದು ನೆರೆಮನೆಯವನೂ ಪಾರ್ಲಿಮೆಂಟಿನ ಸದಸ್ಯನೂ ಆದ ಲಬ್ಬಕ್‌ನ ಮೂಲಕ ಪ್ರಯತ್ನಿಸಿದನು. ಪಾರ್ಲಿಮೆಂಟು ಅದನ್ನು ತಳ್ಳಿಹಾಕಿತು. ಆಗ ಮಗ ಜಾರ್ಜ್ ಈ ಕೆಲಸ ಕೈಗೊಂಡನು. ತನ್ನ ತಂದೆತಾಯಿಯರ ಮದುವೆ ಸರಿಯೇ ತಪ್ಪೇ ಎಂದು ಅಂಕಿ ಅಂಶಗಳಿಂದ ವಿಚಾರಿಸಲು ಹೊರಟ ಮಗ ಲೋಕದಲ್ಲಿ ಬೇರೆ ಯಾರಿದ್ದಾನೋ ನಾವರಿಯೆವು. 1875ರಲ್ಲಿ ಪ್ರಕಟವಾದ ಅವನ ಲೇಖನದ ಪ್ರಕಾರ ಇಂಥ ಮದುವೆ ಕುಲೀನ ಮನೆತನಗಳಲ್ಲಿ ನೂರಕ್ಕೆ ಸುಮಾರು ನಾಲ್ಕೂವರೆ, ಲಂಡನ್ನಿನ ಸಾಮಾನ್ಯರಲ್ಲಿ ಒಂದೂವರೆ. ಅನುಕೂಲಸ್ಥರ ಪಾಲಿಗೆ ಅದರ ಅಪಾಯ ಅಲ್ಪವೇ. ತಂದೆಗೆ ಸ್ವಲ್ಪ ಸಮಾಧಾನವಾಗಿರಬೇಕು. ಪೂರ್ತಿ ಆಗಲಿಲ್ಲ. ಹತ್ತಕ್ಕೂ ಹೆಚ್ಚು ವರ್ಷ ಗಿಡಗಳ ಮೇಲೆ ತಾನೇ ಪ್ರಯೋಗ ನಡೆಸಿ, ಸ್ವಕೀಯ ಪರಾಗದಿಂದ ಹುಟ್ಟಿದ ಸಸಿ ಕುಗ್ಗುತ್ತದೆ ಎಂದು 1876ರಲ್ಲಿ ಪುಸ್ತಕ ಬರೆದನು. ಒಂದು ಬಳ್ಳಿಯ ಜಾತಿಯಲ್ಲಿ ಪರಕೀಯ ಪರಾಗದ ಸಂತಾನದ ಎತ್ತರ 100 ಇದ್ದರೆ ಸ್ವಕೀಯದ್ದು ಸರಾಸರಿ 77.

2010ರಲ್ಲಿ ಸಂಶೋಧಕರು ಡಾರ್ವಿನ್ ಮತ್ತು ವೆಜ್‌ವುಡ್ ಮನೆತನಗಳ ವಂಶವೃಕ್ಷವನ್ನೇ ಲೆಕ್ಕಹಾಕಿ, ರಕ್ತಸಂಬಂಧ ಹತ್ತಿರವಾದಷ್ಟೂ ಮಕ್ಕಳ ಮರಣ ಹೆಚ್ಚಾಗಿದ್ದುದನ್ನು ಕಂಡರು. ಆ್ಯನಿಯನ್ನು ಅದೇ ಕೊಂದಿತೆಂದು ಹೇಳಲಾಗದು. ಆ ಕಾಲದಲ್ಲಿ ಕ್ಷಯವೂ ಕೆಂಪು ಜ್ವರವೂ ಎಲ್ಲರ ಮನೆಯ ಮಕ್ಕಳನ್ನೂ ಒಯ್ಯುತ್ತಿದ್ದವು. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಳಗಿನ ಮದುವೆಯಲ್ಲಿ ಹುಟ್ಟುವ ಶಿಶುವಿಗೆ ಗಂಭೀರ ದೋಷದ ಸಂಭವ ಇತರರಿಗಿಂತ ಶೇಕಡಾ ಎರಡು ಮೂರರಷ್ಟು ಹೆಚ್ಚೆಂದು ಈಗಿನ ವಂಶವಾಹಿ ಶಾಸ್ತ್ರ ಹೇಳುತ್ತದೆ. ದಕ್ಷಿಣ ಭಾರತದ ಅನೇಕ ಸಮುದಾಯಗಳಲ್ಲಿ ಈ ಸಂಬಂಧಕ್ಕೆ ಮೊದಲ ಹಕ್ಕೆಂಬ ಗೌರವವೇ ಇದ್ದುದರಿಂದ, ಜಾತಕದ ಜೊತೆಗೆ ಈ ಲೆಕ್ಕವನ್ನೂ ಮುಂದಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಹೆಣ್ಣಿನ ಆಯ್ಕೆಯ ಸಿದ್ಧಾಂತ ಡಾರ್ವಿನನ ಕಾಲಾನಂತರ ಬಹುಕಾಲ ಮೂಲೆಗೆ ಬಿದ್ದಿತ್ತು. 1972ರಲ್ಲಿ ಅಮೆರಿಕದ ಟ್ರಿವರ್ಸ್ ಅದನ್ನು ಮೇಲೆತ್ತಿ, ಸಂತಾನಕ್ಕಾಗಿ ಹೆಚ್ಚು ವೆಚ್ಚಮಾಡುವ ಲಿಂಗವೇ ಹೆಚ್ಚು ಆರಿಸುತ್ತದೆ ಎಂದು ವಿವರಿಸಿದನು. 1982ರಲ್ಲಿ ಸ್ವೀಡನ್ನಿನ ಆಂಡರ್ಸನ್ ಕೀನ್ಯಾದಲ್ಲಿ ಉದ್ದ ಬಾಲದ ಹಕ್ಕಿಗಳನ್ನು ಹಿಡಿದು ಕೆಲವುಗಳ ಗರಿ ಕತ್ತರಿಸಿ ಕೆಲವುಗಳಿಗೆ ಅಂಟಿಸಿ ನೋಡಿದನು. ಬಾಲ ಉದ್ದವಾದವುಗಳ ತಾಣದಲ್ಲೇ ಹೊಸ ಗೂಡುಗಳು ಹೆಚ್ಚಾದವು. 1989ರಲ್ಲಿ ಬಸ್ ಎಂಬ ಮನಶ್ಶಾಸ್ತ್ರಜ್ಞನು 37 ಸಂಸ್ಕೃತಿಗಳ ಸುಮಾರು ಹತ್ತು ಸಾವಿರ ಜನರ ಉತ್ತರಗಳನ್ನು ಕಲೆಹಾಕಿದಾಗ, ಹೆಂಗಸರು ಸಂಪಾದನೆಗೂ ಗಂಡಸರು ಪ್ರಾಯ ಮತ್ತು ರೂಪಕ್ಕೂ ತುಸು ಹೆಚ್ಚಿನ ಬೆಲೆ ಕೊಡುವುದು ಕಂಡಿತು. ಪತ್ರಿಕೆಗಳು ಎತ್ತಿ ಆಡಿದ್ದು ಇದನ್ನೇ. ಆದರೆ ಇಬ್ಬರೂ ಆ ಎರಡಕ್ಕಿಂತಲೂ ಮೇಲೆ ಇಟ್ಟಿದ್ದು ಕರುಣೆ ಮತ್ತು ಬುದ್ಧಿಯನ್ನು.

ಡೌನ್ ಮನೆಯ ದಿನಚರಿಯಲ್ಲಿ ಈ ಎರಡಕ್ಕೂ ಕೊರತೆಯಿರಲಿಲ್ಲ. ಆತನ ಕಾಯಿಲೆಯ ದಿನಗಳಲ್ಲಿ ಎಮ್ಮಾ ಪಕ್ಕದಲ್ಲಿ ಕುಳಿತು ಕಾದಂಬರಿಗಳನ್ನು ಓದಿ ಹೇಳುವಳು. ಸುಖಾಂತವಲ್ಲದ ಕಾದಂಬರಿ ಆತನಿಗೆ ಸೇರದು. ಸಂಜೆ ಆಕೆ ಪಿಯಾನೊ ನುಡಿಸುವಳು. ಎರೆಹುಳಕ್ಕೆ ಕಿವಿಯಿದೆಯೇ ಎಂಬ ಪರೀಕ್ಷೆಗೂ ಆ ಪಿಯಾನೊ ಬಳಕೆಯಾಯಿತು, ಹುಳಗಳು ಅಲುಗಾಡಲಿಲ್ಲ. ಪ್ರತಿರಾತ್ರಿ ಇಬ್ಬರೂ ಬ್ಯಾಕ್‌ಗ್ಯಾಮನ್ ಎಂಬ ಪಗಡೆಯಂಥ ಆಟವನ್ನು ಎರಡು ಬಾರಿ ಆಡುವರು. ಸೋಲುಗೆಲುವನ್ನು ಆತನು ವರ್ಷಗಟ್ಟಲೆ ಬರೆದಿಟ್ಟನು. 1876ರ ಆರಂಭಕ್ಕೆ ಎಮ್ಮಾ 2,490 ಆಟ, ತಾನು 2,795 ಆಟ ಗೆದ್ದುದಾಗಿ ಮಿತ್ರನಿಗೆ ಹೆಮ್ಮೆಯಿಂದ ತಿಳಿಸಿದನು. ಮದುವೆಯಿಂದ ಸಮಯ ಹಾಳಾಗುವುದೆಂದು ಹಾಳೆಯಲ್ಲಿ ಬರೆದಿದ್ದವನು ಇವನೇ.

ಉಳಿದ ಏಳು ಮಕ್ಕಳು ಬೆಳೆದು ದೊಡ್ಡವರಾದರು. ಜಾರ್ಜ್, ಫ್ರಾನ್ಸಿಸ್, ಹೊರೇಸ್ ಮೂವರೂ ರಾಯಲ್ ಸೊಸೈಟಿಯ ಸದಸ್ಯರಾದರು.

1882ರ ಏಪ್ರಿಲ್ 19ರಂದು ಡಾರ್ವಿನನು ಡೌನ್‌ನಲ್ಲಿ ತೀರಿಕೊಂಡನು. ಹಳ್ಳಿಯ ಚರ್ಚಿನ ಅಂಗಳದಲ್ಲಿ, ಕಳೆದುಕೊಂಡ ಎರಡು ಕೂಸುಗಳ ಬಳಿ ಆತನನ್ನು ಮಣ್ಣುಮಾಡುವುದೆಂದು ಮನೆಯವರು ಎಣಿಸಿದ್ದರು. ರಾಷ್ಟ್ರದ ಹಿರಿಯರು ಒಪ್ಪಲಿಲ್ಲ. ಏಪ್ರಿಲ್ 26ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ನನ ಸಮಾಧಿಯ ಸಮೀಪ ಶವಸಂಸ್ಕಾರ ನಡೆಯಿತು. ಎಮ್ಮಾ ಅದಕ್ಕೆ ಹೋಗಲಿಲ್ಲ, ಮನೆಯಲ್ಲೇ ಉಳಿದಳು. ಆ ಬಳಿಕ ಹದಿನಾಲ್ಕು ವರ್ಷ ಬದುಕಿ, 1896ರ ಅಕ್ಟೋಬರ್ 2ರಂದು ತೀರಿಕೊಂಡಳು. ಅರುವತ್ತು ವರ್ಷಗಳ ಹಿಂದೆ ಬೀಗಲ್ ಹಡಗು ಇಂಗ್ಲೆಂಡಿಗೆ ಮರಳಿ ಬಂದ ತಾರೀಕೂ ಅದೇ. ಆಕೆಯ ಸಮಾಧಿ ಡೌನ್‌ನ ಚರ್ಚಿನ ಅಂಗಳದಲ್ಲಿದೆ.